ಇಂಗ್ಲಿಷ್ ವರ್ಬ್ ಫಾರ್ಮ್ಸ್‌ಗೆ ಆಂಕಿಡ್ರಾಯ್ಡ್: ಬಹುಕಾಲ ಬಳಸಿದ ಮೇಲಿನ ಅಭಿಪ್ರಾಯ

ಇಂಗ್ಲಿಷ್ ಕ್ರಿಯಾಪದದ ರೂಪಗಳು ತಲೆಯಲ್ಲಿ ಉಳಿಯಬೇಕೆಂದರೆ ಆಂಕಿಡ್ರಾಯ್ಡ್ ತುಂಬ ಒಳ್ಳೆಯ ಆ್ಯಪ್, ಆದರೆ ಕಾರ್ಡ್‌ಗಳನ್ನು ನೀವೇ ಬರೆದುಕೊಂಡರೆ ಮಾತ್ರ. ಕಾರ್ಡಿನ ಮುಂಬದಿಯಲ್ಲಿ ಪ್ರಶ್ನೆ, ಹಿಂಬದಿಯಲ್ಲಿ ಉತ್ತರ; ಎಷ್ಟು ನೆನಪಿತ್ತು ಎಂದು ಬಟನ್ ಒತ್ತಿದರೆ ಆ ಕಾರ್ಡ್ ಮತ್ತೆ ಯಾವ ದಿನ ಬರಬೇಕೆಂದು ಆ್ಯಪ್ ಲೆಕ್ಕ ಹಾಕುತ್ತದೆ. ಆಂಡ್ರಾಯ್ಡ್ ಫೋನಿಗೆ ಉಚಿತ, ಜಾಹೀರಾತಿನ ಕಾಟವಿಲ್ಲ. ಇದರ ಕಂಪ್ಯೂಟರ್ ರೂಪವಾದ ಆಂಕಿಯೂ ಉಚಿತ. ಐಫೋನಿನವರು ದುಡ್ಡು ಕೊಡಬೇಕು. ಮಳೆಗಾಲದಲ್ಲಿ ಮೂಡಿಗೆರೆ, ಕಳಸದ ಕಡೆ ಕರೆಂಟಿನ ಜೊತೆ ನೆಟ್‌ವರ್ಕೂ ಹೋಗುತ್ತದಲ್ಲ, ಆಗಲೂ ಇದು ನಡೆಯುತ್ತದೆ. ಚಿಕ್ಕಮಗಳೂರಿಗೆ ಬಂದಾಗ ಒಮ್ಮೆ ಸಿಂಕ್ ಮಾಡಿಕೊಂಡರೆ ಸಾಕು.

ಬೇರೆಯವರು ಮಾಡಿಟ್ಟ ರೆಡಿಮೇಡ್ ಡೆಕ್‌ಗಳಲ್ಲಿ (ಕಾರ್ಡ್‌ಗಳ ಕಟ್ಟುಗಳಲ್ಲಿ) ಸಾಮಾನ್ಯವಾಗಿ ಮುಂದೆ 'ಗೋ', ಹಿಂದೆ 'ವೆಂಟ್, ಗಾನ್' ಅಂತಿರುತ್ತದೆ. ಪಟ್ಟಿ ಬೇಗ ಬಾಯಿಗೆ ಬರುತ್ತದೆ, ಮಾತಾಡುವಾಗ ಮಾತ್ರ 'ಐ ಡಿಡ್ ನಾಟ್ ವೆಂಟ್' ಅಂತಲೇ ಹೊರಡುತ್ತದೆ. ಯಾವ ರೂಪ ಎಲ್ಲಿ ಬೇಕು ಅನ್ನುವುದನ್ನು ಪಟ್ಟಿ ಹೇಳಿಕೊಡುವುದಿಲ್ಲ. ಹಾಗಾಗಿ ಕಾರ್ಡಿನಲ್ಲಿ ಇಡೀ ವಾಕ್ಯ ಇರಲಿ, ಕ್ರಿಯಾಪದದ ಜಾಗ ಖಾಲಿ ಬಿಡಿ. ಒಂದು ಕ್ರಿಯಾಪದಕ್ಕೆ ಮೂರು ಕಾರ್ಡ್: ನಿನ್ನೆ ನಡೆದದ್ದು, 'ಡಿಡ್ ನಾಟ್' ಬರುವುದು, 'ಹ್ಯಾವ್' ಬರುವುದು. ಎರಡನೆಯದರ ಹಿಂಬದಿಯಲ್ಲಿ 'ಹೋದೆ, ಹೋಗಲಿಲ್ಲ' ಎಂದು ಕನ್ನಡದಲ್ಲೇ ಬರೆದಿಡಿ. ನಾವೂ 'ಹೋದಲಿಲ್ಲ' ಅನ್ನುವುದಿಲ್ಲ ಎಂದು ಹೊಳೆದವರಿಗೆ 'ಡಿಡ್ ನಾಟ್ ಗೋ' ಗಟ್ಟಿಯಾಗಿ ಕೂರುತ್ತದೆ.

ಕಷ್ಟವಿರುವುದು 'ಹ್ಯಾವ್'ನಲ್ಲಿ. 'ನಿನ್ನೆಯೇ ಹೇಳಿದ್ದೇನೆ' ನಮಗೆ ಸಲೀಸು. ಅದೇ ಜಾಡಿನಲ್ಲಿ 'ಐ ಹ್ಯಾವ್ ಟೋಲ್ಡ್ ಯೆಸ್ಟರ್ಡೇ' ಬಂದುಬಿಡುತ್ತದೆ. ಮುಗಿದುಹೋದ ಹೊತ್ತನ್ನು ಹೆಸರಿಸಿದ ಮೇಲೆ ಇಂಗ್ಲಿಷಿನಲ್ಲಿ 'ಹ್ಯಾವ್'ಗೆ ಜಾಗವಿಲ್ಲ. ಇದಕ್ಕೆ ಜೋಡಿ ಕಾರ್ಡೇ ಮದ್ದು. ಹೋಂಸ್ಟೇಯಲ್ಲಿ ಕೆಲಸ ಮಾಡುವವರಾದರೆ 'ದ ಗೆಸ್ಟ್ಸ್ ಲೆಫ್ಟ್ ಯೆಸ್ಟರ್ಡೇ' ಒಂದು, 'ದ ಗೆಸ್ಟ್ಸ್ ಹ್ಯಾವ್ ಆಲ್ರೆಡಿ ಲೆಫ್ಟ್' ಇನ್ನೊಂದು. ದಿನಾ ಆಡುವ ಮಾತಾದರೆ ಮರೆಯುವುದೂ ಕಡಿಮೆ.

ಕಾರ್ಡ್ ಸೇರಿಸುವಾಗ ಉತ್ತರ ಟೈಪ್ ಮಾಡಿಸುವ ಬೇಸಿಕ್ ನಮೂನೆಯನ್ನೇ ಆರಿಸಿ. ತಪ್ಪಿದ ಅಕ್ಷರ ಬೇರೆ ಬಣ್ಣದಲ್ಲಿ ಕಾಣುತ್ತದೆ. ಫೋನ್ ಕೀಬೋರ್ಡಿನ ಸಜೆಶನ್ ಮೊದಲು ಆಫ್ ಮಾಡಿ, ಇಲ್ಲದಿದ್ದರೆ 'ಬ್ರಾಟ್'ನ ಸ್ಪೆಲಿಂಗನ್ನು ಅದೇ ತುಂಬಿಕೊಡುತ್ತದೆ. 'ರೀಡ್, ರೆಡ್, ರೆಡ್' ಮೂರಕ್ಕೂ ಸ್ಪೆಲಿಂಗ್ ಒಂದೇ ಆದ್ದರಿಂದ ಅಲ್ಲಿ ಟೈಪಿಂಗ್ ಕೆಲಸಕ್ಕೆ ಬಾರದು, ಬಾಯಿಬಿಟ್ಟು ಓದಲೇಬೇಕು. ಡೆಕ್‌ನಲ್ಲಿ 'ಲರ್ನ್ಟ್' ಇದ್ದು ನೀವು 'ಲರ್ನ್ಡ್' ಬರೆದರೆ ತಪ್ಪೆಂದು ತೋರಿಸುತ್ತದೆ. ಎರಡೂ ಸರಿಯೇ, ಗುಡ್ (ನೆನಪಿತ್ತು ಎನ್ನುವ ಬಟನ್) ಒತ್ತಿ ಮುಂದೆ ಹೋಗಿ.

ದಿನಕ್ಕೆ 20 ಹೊಸ ಕಾರ್ಡ್ ಎಂಬ ಡಿಫಾಲ್ಟ್ ಹೊಸಬರಿಗೆ ಅತಿಯಾಯಿತು. 6ಕ್ಕೆ ಇಳಿಸಿ, ಅಂದರೆ ಎರಡು ಕ್ರಿಯಾಪದ. ಕಾಫಿ ಕೊಯ್ಲಿನ ಕಾಲದಲ್ಲಿ ಬಿಡುವಾಗದೆ ಕಾರ್ಡ್ ರಾಶಿ ಬಿದ್ದರೆ ಹೊಸದನ್ನು 0 ಮಾಡಿ, ಹಳೆಯದು ಕರಗಿದ ಮೇಲೆ ಮತ್ತೆ ಏರಿಸಿ. ತುಂಬಾ ಜನ ಕೆಡಿಸಿಕೊಳ್ಳುವುದು ಬಟನ್ ಒತ್ತುವಲ್ಲಿ: ಉತ್ತರ ಬಾರದಿದ್ದರೂ ಹಾರ್ಡ್ ಒತ್ತುತ್ತಾರೆ. ಹಾರ್ಡ್ ಅಂದರೆ ತಡವಾದರೂ ನೆನಪಾಯಿತು ಅಂತ ಲೆಕ್ಕ. ಮರೆತಿದ್ದರೆ ಅಗೇನ್ ಒತ್ತಬೇಕು. ಇಲ್ಲದಿದ್ದರೆ ಗೊತ್ತಿಲ್ಲದ ಕಾರ್ಡೇ ದೂರ ದೂರದ ದಿನಕ್ಕೆ ಹೋಗಿ ಕೂರುತ್ತದೆ.

ಒಂದು ಕೊರತೆ: ಕಲಿತ ಕಾರ್ಡ್ 8 ಸಲ ಮರೆತುಹೋದರೆ ಆ್ಯಪ್ ಅದಕ್ಕೆ ಲೀಚ್ (ಜಿಗಣೆ) ಎಂದು ಗುರುತು ಹಾಕುತ್ತದೆ, ಸೆಟ್ಟಿಂಗ್ ಹಾಗಿದ್ದರೆ ಸಸ್ಪೆಂಡ್ ಮಾಡಿ ಅಮಾನತಿನಲ್ಲೂ ಇಡುತ್ತದೆ, ಆಮೇಲೆ ಅದು ಕಾಣಿಸುವುದೇ ಇಲ್ಲ. 'ಲೈ, ಲೇ, ಲೇನ್' ಹೀಗೆ ಸದ್ದಿಲ್ಲದೆ ಮಾಯವಾಗುವ ಪೈಕಿ. ತಿಂಗಳಿಗೊಮ್ಮೆ ಕಾರ್ಡ್ ಬ್ರೌಸರ್‌ನಲ್ಲಿ ಲೀಚ್ ಟ್ಯಾಗ್ ಹುಡುಕಿ, ವಾಕ್ಯ ಬದಲಿಸಿ, ಅನ್‌ಸಸ್ಪೆಂಡ್ ಮಾಡಿ.