ಬಳ್ಳಾರಿ ಬಿಸಿಲಿಗೆ ಒಂದು ಜೆಲ್ ಸನ್‌ಸ್ಕ್ರೀನ್: ಪಿಟಿ ಮೇಷ್ಟ್ರ ರಿವ್ಯೂ

ಸನ್‌ಸ್ಕ್ರೀನ್ ರಿವ್ಯೂ ಬರೆಯುವವರಲ್ಲಿ ಜಾಸ್ತಿ ಜನ ನೆರಳಲ್ಲಿ ಕೂತು ಕೆಲಸ ಮಾಡುವವರು ಅನ್ನಿಸುತ್ತದೆ. ಘಮ ಚೆನ್ನಾಗಿದೆ, ಬೇಗ ಇಂಗುತ್ತದೆ ಅಂತ ಮುಗಿಸಿಬಿಡುತ್ತಾರೆ. ನಾನು ಬಳ್ಳಾರಿ ಕಡೆ ಹೈಸ್ಕೂಲೊಂದರ ಪಿಟಿ ಮೇಷ್ಟ್ರು. ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಖೋ ಖೋ ಪ್ರಾಕ್ಟೀಸಿನವರೆಗೆ ಮೈದಾನದಲ್ಲೇ ಇರುತ್ತೇನೆ. ನನ್ನ ಪರೀಕ್ಷೆ ಮೂರೇ: ಬೆವರು, ಧೂಳು, ಬಿಳಿ ಟೀ ಶರ್ಟು.

ಈಗ ಬಳಸುತ್ತಿರುವುದು ಮೆಡಿಕಲ್ ಶಾಪಿನಲ್ಲಿ ಸಿಗುವ ಸಿಲಿಕೋನ್ ಜೆಲ್ ಸನ್‌ಸ್ಕ್ರೀನ್. ಎಸ್‌ಪಿಎಫ್ 50, ಪಿಎ ಮುಂದೆ ಮೂರು ಪ್ಲಸ್, 50 ಗ್ರಾಂ ಟ್ಯೂಬು. ಕಂಪನಿ ಹೆಸರು ಬೇಡ, ಇಂಥದ್ದೇ ಜೆಲ್ ಬೇರೆ ಬೇರೆ ಕಂಪನಿಯದು ಸಿಗುತ್ತದೆ. ಟ್ಯೂಬಿನ ಮೇಲೆ ಎರಡು ವಿಷಯ ನೋಡಿದರೆ ಸಾಕು. ಬಿಸಿಲಿನ ಯುವಿ, ಅಂದರೆ ನೇರಳಾತೀತ ಕಿರಣದಲ್ಲಿ ನಮಗೆ ಬೇಕಾದ್ದು ಎರಡು ಬಗೆ. ಎಸ್‌ಪಿಎಫ್ ಹೇಳುವುದು ಚರ್ಮ ಸುಡುವ ಯುವಿಬಿ ಕಿರಣದ ಲೆಕ್ಕ. ಪಿಎ ಹೇಳುವುದು ಒಳಗಿಳಿದು ಕಪ್ಪು ಕಲೆ, ಸುಕ್ಕು ತರುವ ಯುವಿಎ ಲೆಕ್ಕ. ಬಸ್ಸಿನ ಕಿಟಕಿ ಗಾಜು ದಾಟಿ ಬರುವುದೂ ಮುಖ್ಯವಾಗಿ ಈ ಯುವಿಎನೇ.

ಧೂಳಿನ ಪರೀಕ್ಷೆಯಲ್ಲಿ ಜೆಲ್ ಫಸ್ಟ್ ಕ್ಲಾಸ್. ಹಿಂದೆ ಬಳಸಿದ ಒಂದು ಕ್ರೀಮು ಜಿಡ್ಡುಜಿಡ್ಡಾಗಿ ನಿಲ್ಲುತ್ತಿತ್ತು. ನಮ್ಮ ಕಡೆ ಧೂಳು ಕೆಂಪು. ಎರಡನೇ ಪೀರಿಯಡ್ ಮುಗಿಯುವ ಹೊತ್ತಿಗೆ ಮುಖವೆಲ್ಲ ಇಟ್ಟಿಗೆ ಬಣ್ಣ! ಕರ್ಚೀಫಿನಲ್ಲಿ ಒರೆಸಿದರೆ ಧೂಳಿನ ಜೊತೆ ಕ್ರೀಮೂ ಹೋಯಿತು. ಈ ಜೆಲ್ ಹಚ್ಚಿ ಐದು ನಿಮಿಷಕ್ಕೆ ಪೌಡರ್ ಹಾಕಿದ ಹಾಗೆ ಒಣಗುತ್ತದೆ, ಧೂಳು ಅಷ್ಟಾಗಿ ಅಂಟುವುದಿಲ್ಲ.

ಆದರೆ ಜೇಬಿನ ಲೆಕ್ಕ ಬೇರೆ. ಕಂಪನಿಯವರು ಎಸ್‌ಪಿಎಫ್ ಅಳೆಯುವಾಗ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚುತ್ತಾರೆ. ಮುಖ, ಕುತ್ತಿಗೆಗೆ ಅಂದರೆ ಎರಡು ಬೆರಳಿನುದ್ದಕ್ಕೂ ಹಿಂಡಿದಷ್ಟು, ಹೆಚ್ಚುಕಡಿಮೆ ಒಂದು ಗ್ರಾಂ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಅಂದುಕೊಂಡರೂ 50 ಗ್ರಾಂ ಟ್ಯೂಬು ತಿಂಗಳು ಬರುವುದಿಲ್ಲ. ನಿಜಕ್ಕೂ ಬಿಸಿಲಲ್ಲಿ ಇರುವವರು ಎರಡು ಗಂಟೆಗೊಮ್ಮೆ ಹಚ್ಚಬೇಕು, ಆಗ ಇನ್ನೂ ಬೇಗ ಖಾಲಿ. ಸ್ಟಾಫ್ ರೂಮಿನಲ್ಲಿ ಒಬ್ಬರು ಟ್ಯೂಬು ನಾಲ್ಕು ತಿಂಗಳು ಬಂತು ಅಂತ ಖುಷಿಯಿಂದ ಹೇಳಿದರು. ಹಚ್ಚಿದ್ದೇ ಕಡಿಮೆ, ಅಲ್ವಾ? ಎಸ್‌ಪಿಎಫ್ 30 ಸುಮಾರು 97 ಪರ್ಸೆಂಟ್ ಯುವಿಬಿ ತಡೆದರೆ 50 ತಡೆಯುವುದು ಸುಮಾರು 98. ಒಂದು ಪರ್ಸೆಂಟಿಗೆ ಅಂತ ದುಬಾರಿ ಟ್ಯೂಬು ತಂದು ಕಡಲೆಕಾಳಷ್ಟು ಹಚ್ಚುವುದಕ್ಕಿಂತ, ಅಗ್ಗದ 30ನ್ನು ಧಾರಾಳವಾಗಿ ಹಚ್ಚಿ. ನಾನು ಬೆಲೆಯನ್ನು ಗ್ರಾಂ ಲೆಕ್ಕದಲ್ಲಿ ನೋಡಿಯೇ ಕೊಳ್ಳುವುದು. ಆ ಲೆಕ್ಕದಲ್ಲಿ ಈ ಜೆಲ್ ದುಬಾರಿ, ಒಂದು ಮಾರ್ಕು ಕಡಿತ.

ಬೆವರಿನಲ್ಲಿ ಪರವಾಗಿಲ್ಲ, ಅಷ್ಟೇ. ವಾಟರ್ ರೆಸಿಸ್ಟೆಂಟ್ ಅಂತ ಬರೆದಿದ್ದರೂ ಮಧ್ಯಾಹ್ನ ಹಣೆಯಿಂದ ಇಳಿದು ಕಣ್ಣು ಉರಿಯುತ್ತದೆ. ಅದಕ್ಕೆ ಹಣೆ, ಮೂಗು, ಕಿವಿಗೆ ಜಿಂಕ್ ಆಕ್ಸೈಡ್ ಇರುವ ಸ್ಟಿಕ್ ಉಜ್ಜುತ್ತೇನೆ, ಅದು ಜಾರುವುದಿಲ್ಲ. ದಕ್ಷಿಣ ಆಫ್ರಿಕಾದ ಫಾಸ್ಟ್ ಬೌಲರ್ ಅಲನ್ ಡೊನಾಲ್ಡ್ ಮುಖಕ್ಕೆ ಬಿಳಿ ಬಳಿದುಕೊಂಡು ಬೌಲಿಂಗಿಗೆ ಓಡಿ ಬರುತ್ತಿದ್ದರಲ್ಲ, ಅದೇ ಜಿಂಕ್. ನಮ್ಮ ಬಣ್ಣಕ್ಕೆ ಎದ್ದು ಕಾಣುತ್ತದೆ. ಹುಡುಗರು "ಸಾರ್, ನಾಟಕ ಇದೆಯಾ?" ಅಂತ ಕೇಳಿದ್ದೂ ಆಯಿತು. ಟೋಪಿ ಹಾಕಿದರೂ ಕಿವಿ ಮತ್ತು ಹಿಂಗತ್ತು ಬಿಸಿಲಿಗೇ ಸಿಗುತ್ತವೆ, ಅಲ್ಲಿ ಮಾತ್ರ ಬಿಡಬೇಡಿ.

ಇನ್ನು ಟೀ ಶರ್ಟು. ಕಾಲರ್ ಒಳಗೆ ತುಕ್ಕಿನ ಬಣ್ಣದ ಕಲೆ ಬಿದ್ದಿತ್ತು. "ರೀ, ಗೇಟಿಗೆ ಒರಗಿಕೊಂಡಿದ್ರಾ?" ಅಂದಳು ಮನೆಯವಳು. ಗೇಟಿನದಲ್ಲ, ಜೆಲ್‌ನಲ್ಲಿರುವ ಅವೊಬೆನ್‌ಜೋನ್‌ನದು. ಯುವಿಎ ತಡೆಯುವ ಈ ರಾಸಾಯನಿಕ ನೀರಿನಲ್ಲಿರುವ ಕಬ್ಬಿಣದ ಅಂಶದ ಜೊತೆ ಸೇರಿದರೆ ಹೀಗೆ ಕಲೆಯಾಗುತ್ತದೆ. ನಮ್ಮದು ಬೋರ್‌ವೆಲ್ ನೀರು, ಕೇಳಬೇಕಾ. ಬ್ಲೀಚಿಂಗ್ ಪುಡಿ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗಬಹುದು. ನಿಂಬೆರಸ ಹಿಂಡಿ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಎಷ್ಟೋ ಹೋಗುತ್ತದೆ. ಹಚ್ಚಿದ ಮೇಲೆ ಒಣಗಲು ಬಿಟ್ಟು ಆಮೇಲೆ ಶರ್ಟು ಹಾಕಿಕೊಂಡರೆ ಕಲೆಯೇ ಕಡಿಮೆ.

ಇದನ್ನು ಹಚ್ಚಿದರೆ ಬೆಳ್ಳಗಾಗುತ್ತೀರಾ? ಇಲ್ಲ. ಖೋ ಖೋ ತಂಡದ ಹುಡುಗಿಯರ ತಾಯಂದಿರಿಗೂ ಇದನ್ನೇ ಹೇಳುತ್ತೇನೆ. ಬಣ್ಣಕ್ಕೆ ಹೆದರಿ ಮಕ್ಕಳನ್ನು ಆಟ ಬಿಡಿಸಬೇಡಿ. ಮುಖದಲ್ಲಿ ಬಂಗು ಇರುವವರಿಗೆ ಮಾತ್ರ ಈ ಜೆಲ್ ಸಾಲದು. ಐರನ್ ಆಕ್ಸೈಡ್ ಇರುವ ಟಿಂಟೆಡ್, ಅಂದರೆ ಚರ್ಮದ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಕೇಳಿ, ಅದು ಕಣ್ಣಿಗೆ ಕಾಣುವ ಬೆಳಕನ್ನೂ ಒಂದಿಷ್ಟು ತಡೆಯುತ್ತದೆ.

ಮಕ್ಕಳಿಗೆ ಯುವಿ ಎಷ್ಟು ಜೋರು ಅಂತ ತೋರಿಸುವ ಯುವಿ ಇಂಡೆಕ್ಸ್ ಎಲ್ಲ ಹೇಳುವುದಿಲ್ಲ. ನೆರಳು ನೋಡಿಕೊಳ್ಳಿ ಅನ್ನುತ್ತೇನೆ. ನೆರಳು ನಿಮಗಿಂತ ಗಿಡ್ಡವಾಯಿತು ಅಂದರೆ ಕಿರಣ ಜೋರಾಗಿದೆ, ಮರದಡಿ ಬನ್ನಿ. ಮೋಡ ಇದ್ದ ದಿನವೂ ಹಚ್ಚಬೇಕು, ತಂಪು ಇದ್ದರೆ ಯುವಿ ಇಲ್ಲ ಅಂತೇನಿಲ್ಲ. ಟ್ಯೂಬನ್ನು ಸ್ಕೂಟರ್ ಡಿಕ್ಕಿಯಲ್ಲಿ ಇಡಬೇಡಿ, ಆ ಕಾವಿಗೆ ಕೆಡುತ್ತದೆ. ನನ್ನದು ಸ್ಟಾಫ್ ರೂಮಿನ ಬೀರುವಿನಲ್ಲಿ, ವಾಲಿಬಾಲ್ ಪಂಪಿನ ಪಕ್ಕ ಇರುತ್ತದೆ. ಐದಕ್ಕೆ ಮೂರೂವರೆ ಸ್ಟಾರ್. ಇದೇ ಜೆಲ್ 100 ಗ್ರಾಂ ಪ್ಯಾಕಿನಲ್ಲಿ ಅಗ್ಗಕ್ಕೆ ಬಂದರೆ ನಾಲ್ಕು ಕೊಡುತ್ತೇನೆ.