ಹೋಳಿಗೆನಾ, ಕಾಯಿಹಾಲಾ? ಮೈಸೂರಿನ ಎಪಿಡೆಮಿಯಾಲಜಿ ಶಿಬಿರಕ್ಕೆ ಹೋಗಿಬಂದು

ಸರಸ್ವತಿಪುರಂನಲ್ಲಿ ಶನಿವಾರ, ಭಾನುವಾರ ಒಂದು ಎಪಿಡೆಮಿಯಾಲಜಿ ಶಿಬಿರ ನಡೆಯುತ್ತದೆ. ಎಪಿಡೆಮಿಯಾಲಜಿ ಅಂದರೆ ಜನರಲ್ಲಿ ರೋಗ ಹೇಗೆ, ಯಾಕೆ ಹರಡುತ್ತದೆ ಎಂದು ಲೆಕ್ಕ ಹಾಕಿ ಹುಡುಕುವ ವಿದ್ಯೆ. ಡಾಕ್ಟರುಗಳಿಗಲ್ಲ, ನಮ್ಮಂಥ ಸಾಮಾನ್ಯರಿಗೆ. ನಡೆಸುವವರು ಕಮ್ಯುನಿಟಿ ಮೆಡಿಸಿನ್ ಕಲಿಸಿ ನಿವೃತ್ತರಾದ ಮೇಷ್ಟ್ರು ಒಬ್ಬರು, ಜೊತೆಗೆ ಅವರ ಹಳೇ ವಿದ್ಯಾರ್ಥಿಗಳು. ಶಾಲೆಯೊಂದರ ಮಹಡಿ ಮೇಲಿನ ಹಾಲ್ ಬಾಡಿಗೆಗೆ ತೆಗೆದುಕೊಂಡಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ಹೋಗಿ. ಕೊರತೆಗಳಿವೆ, ಅವನ್ನೂ ಬರೆಯುತ್ತೇನೆ. ಆದರೆ ರೋಗದ ಸುದ್ದಿ ಕೇಳಿದ ತಕ್ಷಣ ಗಾಬರಿಯಾಗುವ ಬದಲು ಯಾರಿಗೆ ಬಂತು, ಎಲ್ಲಿ ಬಂತು, ಯಾವಾಗ ಬಂತು, ಮುಖ್ಯವಾಗಿ ಯಾರಿಗೆ ಬರಲಿಲ್ಲ ಎಂದು ಕೇಳುವ ಅಭ್ಯಾಸವನ್ನು ಇಷ್ಟು ಚೆನ್ನಾಗಿ ಹಚ್ಚುವ ಜಾಗ ನಾನು ಬೇರೆ ನೋಡಿಲ್ಲ.

ನನಗೆ ತುಂಬಾ ಹಿಡಿಸಿದ್ದು ಮದುವೆ ಊಟದ ಪಾಠ. ಇದು ನಿಜವಾಗಿ ನಡೆದದ್ದಲ್ಲ, ಲೆಕ್ಕ ಕಲಿಸಲು ಮೇಷ್ಟ್ರು ಕಟ್ಟಿದ ಕಥೆ. ಮಂಡ್ಯದ ಒಂದು ಛತ್ರ. 120 ಜನ ಊಟ ಮಾಡಿದ್ದಾರೆ. ಸಂಜೆಯೊಳಗೆ 48 ಜನಕ್ಕೆ ವಾಂತಿ. ಯಾವುದರಿಂದ? ಒಬ್ಬರು ನೀರು ಅಂದರು, ಒಬ್ಬರು ಪಲ್ಯ ಅಂದರು, ಇನ್ನೊಬ್ಬರು ಮಜ್ಜಿಗೆ ಅಂದರು. ಮೇಷ್ಟ್ರು ಯಾವುದನ್ನೂ ಅಲ್ಲಗಳೆಯಲಿಲ್ಲ. ಬಡಿಸಿದ ಒಂದೊಂದಕ್ಕೂ ಎರಡು ಲೆಕ್ಕ ತೆಗೆಯಿರಿ ಅಂದರು. ತಿಂದವರಲ್ಲಿ ನೂರಕ್ಕೆ ಎಷ್ಟು ಜನಕ್ಕೆ ಆಯಿತು? ತಿನ್ನದವರಲ್ಲಿ ನೂರಕ್ಕೆ ಎಷ್ಟು? ಇದಕ್ಕೆ ಅಟ್ಯಾಕ್ ರೇಟ್ ಎನ್ನುತ್ತಾರೆ. ಹೋಳಿಗೆ ತಿಂದವರು 90 ಜನ, ಅವರಲ್ಲಿ 45 ಜನಕ್ಕೆ ವಾಂತಿ, ಅಂದರೆ ನೂರಕ್ಕೆ 50. ತಿನ್ನದ 30 ಜನರಲ್ಲಿ 3, ಅಂದರೆ ನೂರಕ್ಕೆ 10. ಐದು ಪಟ್ಟು! ಹೋಳಿಗೆಯದೇ ಕೆಲಸ ಎಂದು ನಮ್ಮ ಗುಂಪಿನವರೆಲ್ಲ ಪೆನ್ನು ಕೆಳಗಿಟ್ಟರು.

ಆಗ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ. ಹೋಳಿಗೆಗೆ ಏನು ಹಾಕಿಕೊಂಡರು? ಕೆಲವರು ತುಪ್ಪ, ಜಾಸ್ತಿ ಜನ ಕಾಯಿಹಾಲು. ಸರಿ, ಆ 90 ಜನರನ್ನು ಎರಡು ಪಾಲು ಮಾಡಿ ಮತ್ತೆ ಲೆಕ್ಕ ಹಾಕಿದೆವು. ಕಾಯಿಹಾಲು ಹಾಕಿಕೊಂಡವರು 60 ಜನ, ಅವರಲ್ಲಿ 42 ಜನಕ್ಕೆ ವಾಂತಿ, ನೂರಕ್ಕೆ 70. ಬರೀ ತುಪ್ಪದ ಜೊತೆ ತಿಂದ 30 ಜನರಲ್ಲಿ 3, ನೂರಕ್ಕೆ 10. ಅಂದರೆ ಹೋಳಿಗೆಯನ್ನು ಮುಟ್ಟದವರಿಗೆ ಎಷ್ಟೋ ಇವರಿಗೂ ಅಷ್ಟೇ. ಹೋಳಿಗೆಯದು ಏನೂ ತಪ್ಪಿಲ್ಲ, ಅದು ಕಾಯಿಹಾಲಿನ ಜೊತೆ ಎಲೆ ಮೇಲೆ ಇದ್ದದ್ದಕ್ಕೆ ಹೆಸರು ಕೆಡಿಸಿಕೊಂಡಿತು. ಇದನ್ನೇ ಕನ್‌ಫೌಂಡಿಂಗ್ ಎನ್ನುವುದು. ಪೇಪರಿನಲ್ಲಿ ಬರುವ ‘ಇದನ್ನು ತಿಂದರೆ ಆ ರೋಗ, ಅದನ್ನು ಕುಡಿದರೆ ಈ ರೋಗ’ ಎಂಬ ಸುದ್ದಿಗಳನ್ನು ಓದುವಾಗ ಈಗ ನನಗೆ ಮೊದಲು ನೆನಪಾಗುವುದು ಈ ಕಾಯಿಹಾಲೇ.

ಪಾಠ ಅಲ್ಲಿಗೇ ನಿಲ್ಲಲಿಲ್ಲ. ಊಟವಾದ ಎಷ್ಟು ಹೊತ್ತಿಗೆ ವಾಂತಿ ಶುರುವಾಯಿತು ಎಂದು ಗಂಟೆವಾರು ಚೌಕ ತುಂಬಿಸಿದೆವು. ಹೆಚ್ಚಿನವರಿಗೆ 2ರಿಂದ 4 ಗಂಟೆಯೊಳಗೆ ಶುರುವಾಗಿದೆ, ಜ್ವರ ಇಲ್ಲ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಆಗಿದ್ದರೆ ಸಾಮಾನ್ಯವಾಗಿ ಕನಿಷ್ಠ 6 ಗಂಟೆ ಬೇಕು, ಕೆಲವೊಮ್ಮೆ ದಿನಗಳೇ ಹಿಡಿಯುತ್ತದೆ, ಜ್ವರವೂ ಬರುತ್ತದೆ. ಇಷ್ಟು ಬೇಗ ವಾಂತಿ ಬಂದರೆ ಮೊದಲ ಅನುಮಾನ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷದ ಮೇಲೆ. ಆ ಬ್ಯಾಕ್ಟೀರಿಯಾ ಅಡುಗೆಯವರ ಕೈ ಗಾಯದಿಂದಲೋ ಮೂಗಿನಿಂದಲೋ ಆಹಾರಕ್ಕೆ ಬೀಳುತ್ತದೆ. ಸೆಕೆಯಲ್ಲಿ ನಾಲ್ಕೈದು ಗಂಟೆ ಹಾಗೇ ಇಟ್ಟರೆ ಬೆಳೆಯುತ್ತದೆ. ಆಮೇಲೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಅದು ಬಿಟ್ಟ ವಿಷ ಹೋಗುವುದಿಲ್ಲ. ಮಂಡ್ಯದಿಂದ ಬಂದಿದ್ದ ಅಡುಗೆ ಕಾಂಟ್ರಾಕ್ಟರ್ ಒಬ್ಬರು ಇದನ್ನು ಎರಡು ಸಲ ಕೇಳಿ ಬರೆದುಕೊಂಡರು. ಪುನಃ ಕುದಿಸಿದರೆ ಸರಿಹೋಗುತ್ತದೆ ಎಂದು ಎಷ್ಟು ಮನೆಗಳಲ್ಲಿ ನಂಬಿದ್ದಾರೆ, ಅಲ್ವಾ?

ಬೇರೆ ಮೂಲ ವಿಷಯಗಳನ್ನೂ ಹೇಳಿಕೊಡುತ್ತಾರೆ. ಹೊಸದಾಗಿ ಎಷ್ಟು ಜನಕ್ಕೆ ಬಂತು ಎನ್ನುವುದು ಒಂದು ಲೆಕ್ಕ, ಈಗ ಒಟ್ಟು ಎಷ್ಟು ಜನಕ್ಕೆ ಇದೆ ಎನ್ನುವುದು ಇನ್ನೊಂದು. ಮೊದಲನೆಯದು ಇನ್ಸಿಡೆನ್ಸ್, ಎರಡನೆಯದು ಪ್ರಿವೆಲೆನ್ಸ್. ಎಚ್‌ಐವಿಗೆ ಒಳ್ಳೆಯ ಔಷಧಿ ಬಂದ ಮೇಲೆ ಜನ ಹೆಚ್ಚು ವರ್ಷ ಬದುಕುತ್ತಾರೆ, ಹಾಗಾಗಿ ಹೊಸ ಸೋಂಕು ಕಡಿಮೆಯಾದರೂ ಒಟ್ಟು ಸಂಖ್ಯೆ ಏರಬಹುದು. ಅದು ಕೆಟ್ಟ ಸುದ್ದಿಯಲ್ಲ, ಒಳ್ಳೆಯ ಸುದ್ದಿ! ಇಂಥ ಕಡೆ ಮೇಷ್ಟ್ರು ಅವಸರ ಮಾಡುವುದಿಲ್ಲ, ಎಲ್ಲರ ಮುಖ ನೋಡಿ ಮುಂದೆ ಹೋಗುತ್ತಾರೆ.

ಚರಿತ್ರೆಯ ಪಾಠದಲ್ಲಿ ಇಂಗ್ಲಿಷ್ ವೈದ್ಯ ಜಾನ್ ಸ್ನೋ ಬರುತ್ತಾರೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಕಾಲರಾ ಬಂದಾಗ ಸತ್ತವರ ಮನೆಗಳನ್ನು ಗುರುತು ಹಾಕಿಕೊಂಡು, ಅವರು ಕುಡಿಯುತ್ತಿದ್ದ ನೀರಿನ ಕೈಪಂಪಿನ ಹಿಡಿಕೆ ತೆಗೆಸಿದವರು. ಕಾಲರಾ ರೋಗಾಣು ಇಂಥದ್ದು ಎಂದು ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ತೋರಿಸಿಕೊಟ್ಟಿದ್ದು ಅದಾಗಿ ಸುಮಾರು 30 ವರ್ಷಕ್ಕೆ. ರೋಗಾಣು ಯಾವುದೆಂದು ಗೊತ್ತಿಲ್ಲದೆಯೂ ರೋಗ ತಡೆಯಬಹುದು ಎನ್ನಲು ಈ ಕಥೆ. ಇದನ್ನು ಎಲ್ಲ ಕಡೆ ಹೇಳುತ್ತಾರೆ. ಆದರೆ ಆಮೇಲೆ ಮೇಷ್ಟ್ರು ನಮ್ಮೂರಿಗೇ ಬಂದರು, ನನಗೆ ಅದು ಹೆಚ್ಚು ಇಷ್ಟವಾಯಿತು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗ್ ಮೈಸೂರು ಸಂಸ್ಥಾನದಲ್ಲೆಲ್ಲ ಹರಡಿತು. ಪ್ಲೇಗಿನ ರೋಗಾಣು ಪತ್ತೆಯಾಗಿ ಆಗ ನಾಲ್ಕೇ ವರ್ಷ. ಇಲಿಯ ಮೈಮೇಲಿನ ಚಿಗಟ ಇದನ್ನು ಹರಡುತ್ತದೆ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಾಂಡ್ ಹೇಳಿದ್ದು ಅದೇ 1898ರಲ್ಲಿ, ನಂಬಿದವರು ಕಡಿಮೆ. ಆದರೆ ನಮ್ಮ ಹಳ್ಳಿಗಳಲ್ಲಿ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಚಿಗಟದ ವಿಚಾರ ಅವರಿಗೆ ಗೊತ್ತಿರಲಿಲ್ಲ. ಇಲಿ ಮೊದಲು ಸಾಯುತ್ತದೆ, ಆಮೇಲೆ ಮನುಷ್ಯ, ಇಷ್ಟನ್ನು ನೋಡಿದ್ದರು, ಸಾಕಾಯಿತು. ಪ್ಲೇಗಿನ ನಂತರ 1903ರಲ್ಲಿ ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು, ಮುಡಾಗಿಂತ (ನಗರಾಭಿವೃದ್ಧಿ ಪ್ರಾಧಿಕಾರಕ್ಕಿಂತ) ಹಿಂದಿನ ಸಂಸ್ಥೆ. ಹಳೇ ಬಡಾವಣೆಗಳ ಅಗಲ ರಸ್ತೆ, ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿ, ಇವಕ್ಕೂ ಗಾಳಿ ಬೆಳಕು ಇಲ್ಲದ ಕಿಷ್ಕಿಂಧೆಯಿಂದ ಜನರನ್ನು ಹೊರಗೆ ತರುವ ಯೋಚನೆಗೂ ನಂಟಿದೆ. ಆ ಗಲ್ಲಿಗಳಲ್ಲಿ ಇವತ್ತು ಕಸ ಸುರಿಯುವುದನ್ನು ನೋಡಿದರೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ.

ಭಾನುವಾರ ಬೆಳಗ್ಗೆ ಬೀದಿಗೆ ಕರೆದುಕೊಂಡು ಹೋಗುತ್ತಾರೆ. ಮನೆಯವರ ಒಪ್ಪಿಗೆ ಪಡೆದು, ನೀರು ನಿಲ್ಲುವ ಜಾಗಗಳಲ್ಲಿ ಸೊಳ್ಳೆ ಮರಿ ಹುಡುಕುವುದು. ಶಿಬಿರದ ಅತ್ಯುತ್ತಮ ಭಾಗ ಇದು. ಮರಿ ಸಿಕ್ಕ ಮನೆಗಳು ನೂರಕ್ಕೆ ಎಷ್ಟು ಎನ್ನುವುದು ಹೌಸ್ ಇಂಡೆಕ್ಸ್. ನೂರು ಮನೆಗೆ ಮರಿ ಇರುವ ಪಾತ್ರೆಗಳು ಎಷ್ಟು ಎನ್ನುವುದು ಬ್ರೆಟೋ ಇಂಡೆಕ್ಸ್. ಎಲ್ಲರೂ ಮೋರಿಯ ಕಡೆ ಬೆರಳು ತೋರಿಸುತ್ತಾರೆ, ಆದರೆ ಡೆಂಗಿ ತರುವ ಈಡಿಸ್ ಸೊಳ್ಳೆಗೆ ಬೇಕಾಗಿರುವುದು ಮನೆಯ ತಿಳಿನೀರು. ನಮಗೆ ಮರಿ ಸಿಕ್ಕಿದ್ದು ಫ್ರಿಜ್ ಹಿಂದಿನ ತಟ್ಟೆಯಲ್ಲಿ, ಹೂಕುಂಡದ ಕೆಳಗಿನ ಪ್ಲೇಟಿನಲ್ಲಿ, ಹಿತ್ತಲಿನ ಕಲ್ಲು ತೊಟ್ಟಿಯಲ್ಲಿ, ಎಸೆದ ತೆಂಗಿನ ಚಿಪ್ಪಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಬೇಕು. ಅದಕ್ಕೇ ವಾರಕ್ಕೊಮ್ಮೆ ಖಾಲಿ ಮಾಡಿ ಎನ್ನುವುದು. ನೀರು ಚೆಲ್ಲಿದರೆ ಮುಗಿಯಲಿಲ್ಲ. ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. ಹಾಗಾಗಿ ಉಜ್ಜಿ ತೊಳೆಯಬೇಕು. ಇದನ್ನು ಕೇಳಿದ ಅಜ್ಜಿಯೊಬ್ಬರು ನಮ್ಮ ಮುಂದೆಯೇ ತೆಂಗಿನ ನಾರು ತೆಗೆದುಕೊಂಡು ತೊಟ್ಟಿ ಉಜ್ಜಲು ಕೂತರು.

ಹೊಗೆ ಬಿಡುವ ಗಾಡಿ ಬರಲಿಲ್ಲ ಎಂದು ಜಗಳವಾಡುವವರು ಇದನ್ನು ನೋಡಬೇಕು. ಹೊಗೆಗೆ ಸಾಯುವುದು ಆ ಹೊತ್ತಿಗೆ ಹಾರಾಡುವ ಸೊಳ್ಳೆ ಮಾತ್ರ, ನೀರಿನೊಳಗಿನ ಮರಿಗೆ ಏನೂ ಆಗುವುದಿಲ್ಲ. 2024ರಲ್ಲಿ ಡೆಂಗಿ ಏರಿದಾಗ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚನೆ ಹೊರಡಿಸಿ, ನೀರು ನಿಲ್ಲಲು ಬಿಟ್ಟವರಿಗೆ ದಂಡ ಹಾಕುವ ನಿಯಮ ತಂದಿತು. ದಂಡ ಸರಿಯೇ. ಆದರೆ ಒಂದು ಬೀದಿಯ ಜನ ಸೇರಿ ಒಂದು ಬೆಳಗ್ಗೆ ಹೀಗೆ ಹುಡುಕಿದರೆ ಅದಕ್ಕಿಂತ ಜಾಸ್ತಿ ಕೆಲಸವಾಗುತ್ತದೆ ಎಂದು ನನ್ನ ಗಟ್ಟಿ ನಂಬಿಕೆ.

ಲಸಿಕೆಯ ಪಾಠ ಚಿಕ್ಕದು, ಚೊಕ್ಕ. ದಡಾರ ಬಂದ ಒಬ್ಬರಿಂದ, ಯಾರಿಗೂ ರಕ್ಷಣೆ ಇಲ್ಲದ ಕಡೆ, 12ರಿಂದ 18 ಜನಕ್ಕೆ ಹರಡಬಹುದು. ಅದಕ್ಕೇ ನೂರಕ್ಕೆ 95 ಮಕ್ಕಳಿಗೆ ಲಸಿಕೆ ಆಗಿರಬೇಕು ಎನ್ನುವುದು. ಮಂಡ್ಯದವರು ಮೆದುಳು ಜ್ವರದ ಬಗ್ಗೆ ತುಂಬಾ ಕೇಳಿದರು. ಅದರದೇ ಒಂದು ಬಗೆಯಾದ ಜಪಾನೀಸ್ ಎನ್‌ಸೆಫಲೈಟಿಸ್ ಕಾಣಿಸಿಕೊಂಡ ಜಿಲ್ಲೆಗಳಲ್ಲಿ ಮಂಡ್ಯವೂ ಒಂದು. ಇದನ್ನು ಹರಡುವ ಸೊಳ್ಳೆ ಬೇರೆ, ಕ್ಯೂಲೆಕ್ಸ್. ಅದು ಭತ್ತದ ಗದ್ದೆಯ ನೀರಿನಲ್ಲಿ ಬೆಳೆಯುತ್ತದೆ. ವೈರಸ್ ಹೆಚ್ಚುವುದು ಹಂದಿ, ಬೆಳ್ಳಕ್ಕಿಯಂಥ ನೀರುಹಕ್ಕಿಗಳಲ್ಲಿ. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಗದ್ದೆಯ ನೀರನ್ನು ಖಾಲಿ ಮಾಡಿ ಎನ್ನಲಾಗುತ್ತದೆಯೇ? ಹಾಗಾಗಿ ಮಕ್ಕಳಿಗೆ ಲಸಿಕೆ, ಮಲಗುವಾಗ ಸೊಳ್ಳೆಪರದೆ, ಹಂದಿ ಸಾಕುವ ಜಾಗ ಮನೆಯಿಂದ ದೂರ. ಬರೀ ‘ಸೊಳ್ಳೆ ಓಡಿಸಿ’ ಎಂದು ಬೋರ್ಡ್ ಹಾಕಿದರೆ ಸಾಲದು, ಯಾವ ಸೊಳ್ಳೆ ಎಂದು ತಿಳಿದುಕೊಳ್ಳಬೇಕು.

ಈಗ ಕೊರತೆಗಳು. ಸ್ಕ್ರೀನಿಂಗ್, ಅಂದರೆ ರೋಗದ ಲಕ್ಷಣ ಇಲ್ಲದವರಿಗೂ ಪರೀಕ್ಷೆ ಮಾಡಿ ನೋಡುವುದು, ಆ ಪಾಠವನ್ನು ಕೊನೆಯಲ್ಲಿ ಅರ್ಧ ಗಂಟೆಯಲ್ಲಿ ಓಡಿಸಿಬಿಟ್ಟರು. ಇದು ನನಗೆ ತುಂಬಾ ಬೇಜಾರಾದ ಸಂಗತಿ, ಯಾಕೆಂದರೆ ಬೀದಿಬೀದಿಗೂ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜ್ ಮಾರುವ ಈ ಕಾಲದಲ್ಲಿ ಜನಕ್ಕೆ ಅತಿ ಬೇಕಾದದ್ದೇ ಅದು. ಬೋರ್ಡಿನ ಮೇಲೆ ಬರೆದ ಲೆಕ್ಕವನ್ನು ಇಲ್ಲಿ ಹಾಕುತ್ತೇನೆ. 10,000 ಜನರಲ್ಲಿ 10 ಜನಕ್ಕೆ ಒಂದು ರೋಗ ಇದೆ ಎಂದುಕೊಳ್ಳಿ. ಪರೀಕ್ಷೆ ಆ ಹತ್ತೂ ಜನರನ್ನು ಹಿಡಿಯುತ್ತದೆ, ಆದರೆ ರೋಗ ಇಲ್ಲದವರಲ್ಲಿ ನೂರಕ್ಕೆ 5 ಜನಕ್ಕೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಆಗ ಸುಮಾರು 500 ಆರೋಗ್ಯವಂತರು ಪಾಸಿಟಿವ್ ರಿಪೋರ್ಟ್ ಹಿಡಿದು ಕೂರುತ್ತಾರೆ, ನಿಜವಾದ ರೋಗಿಗಳು 10. ಹೀಗಾಗಿ ಒಂದು ಪರೀಕ್ಷೆ ಯಾರಿಗೆ ಮಾಡುತ್ತೀರಿ ಎನ್ನುವುದು ಪರೀಕ್ಷೆಯಷ್ಟೇ ಮುಖ್ಯ. ಬಿಪಿ, ಶುಗರ್ ಥರ ಜಾಸ್ತಿ ಜನಕ್ಕೆ ಇರುವ, ಬೇಗ ಗೊತ್ತಾದರೆ ಚಿಕಿತ್ಸೆ ಇರುವ ಕಾಯಿಲೆಗಳ ಮಾತು ಬೇರೆ, ಅದನ್ನು ಎಲ್ಲರೂ ಮಾಡಿಸಿಕೊಳ್ಳಬೇಕು. ಇಷ್ಟನ್ನು ಹೇಳಲು ಅರ್ಧ ದಿನ ಕೊಡಬೇಕಿತ್ತು.

ಕೈಗೆ ಕೊಟ್ಟ ನೋಟ್ಸ್ ಪೂರ್ತಿ ಇಂಗ್ಲಿಷ್‌ನಲ್ಲಿದೆ. ಪಾಠ ಕನ್ನಡದಲ್ಲೇ ನಡೆಯಿತು, ಬಂದಿದ್ದ ಆಶಾ ಕಾರ್ಯಕರ್ತೆಯರು ಚುರುಕಾಗಿ ಲೆಕ್ಕ ಹಾಕಿದರು, ಆದರೆ ಮನೆಗೆ ಹೋಗಿ ತಿರುವಿ ನೋಡಲು ಅವರಿಗೆ ಏನೂ ಉಳಿಯಲಿಲ್ಲ. ಮೈಕ್ ಸರಿಯಿಲ್ಲ, ಹಿಂದಿನ ಸಾಲಿಗೆ ಅರ್ಧ ಮಾತು ಕೇಳುವುದಿಲ್ಲ. ತಂಬಾಕಿನ ವಿಷಯ ಒಂದೇ ಸ್ಲೈಡ್, ಅದು ಯಾತಕ್ಕೂ ಸಾಲದು. ಶುಲ್ಕ ಜಾಸ್ತಿಯೇನಲ್ಲ, ಆಶಾ ಕಾರ್ಯಕರ್ತೆಯರಿಗೂ ವಿದ್ಯಾರ್ಥಿಗಳಿಗೂ ಇನ್ನೂ ಕಡಿಮೆ. ಮಧ್ಯಾಹ್ನದ ಊಟ ಅದರಲ್ಲೇ ಬರುತ್ತದೆ, ಬಿಸಿಯಾಗಿ, ಕೈ ತೊಳೆಯಲು ಸೋಪು ಇಟ್ಟು ಬಡಿಸುತ್ತಾರೆ.

ಹೋಟೆಲ್, ಕೇಟರಿಂಗ್ ನಡೆಸುವವರು, ಪಿಜಿ ಇಟ್ಟುಕೊಂಡವರು, ಅಪಾರ್ಟ್‌ಮೆಂಟ್ ಸಂಘದವರು, ಶಾಲೆಯ ಮೇಷ್ಟ್ರುಗಳು ಖಂಡಿತ ಹೋಗಿ. ಸೈನ್ಸ್ ಓದಿರಬೇಕು ಅಂತೇನಿಲ್ಲ, ಶೇಕಡಾ ಲೆಕ್ಕ ಬಂದರೆ ಸಾಕು. ಮುಂದಿನ ಸಾಲಿನಲ್ಲಿ ಕೂರಿ. ಭಾನುವಾರ ತುಂಬು ತೋಳಿನ ಬಟ್ಟೆ ಹಾಕಿಕೊಳ್ಳಿ, ಈಡಿಸ್ ಹಗಲಲ್ಲೇ ಕಚ್ಚುತ್ತದೆ. ಒಂದು ಟಾರ್ಚ್ ತನ್ನಿ, ಸಂಪಿನೊಳಗೆ ಇಣುಕಲು ಮೊಬೈಲ್ ಬೆಳಕು ಸಾಲುವುದಿಲ್ಲ.