ಮಾರುತಿ 800 ಗೇರ್‌ಬಾಕ್ಸ್ ಸೈಡ್ ಸೀಲ್: ಕಂಪೆನಿಯದ್ದೋ, ಮಾರ್ಕೆಟಿನದ್ದೋ, ಲೀಕ್ ಸ್ಟಾಪ್ ಬಾಟ್ಲಿಯೋ?

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಹಳೆ ಮಾರುತಿ 800ರ ಗೇರ್‌ಬಾಕ್ಸಿಗೆ ಸೈಡ್ ಸೀಲ್, ಅಂದರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಒಳಗೆ ಹೋಗುವಲ್ಲಿರುವ ಆಯಿಲ್ ಸೀಲ್, ಹಾಕಿಸುವುದಾದರೆ ಮಾರುತಿ ಜೆನ್ಯೂನ್ ಪಾರ್ಟ್ಸ್‌ನದ್ದನ್ನೇ ಹಾಕಿಸಿ. ಮಾರ್ಕೆಟ್ ಸೀಲಿಗಿಂತ ಬೆಲೆ ಜಾಸ್ತಿ ಹೌದು, ಆದರೆ ಬಿಚ್ಚಿ ಕೂರಿಸುವ ಲೇಬರ್ ಚಾರ್ಜಿನ ಎದುರು ಆ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಆಯಿಲಿಗೆ ಸುರಿಯುವ ಲೀಕ್ ಸ್ಟಾಪ್ ಬಾಟ್ಲಿಗೆ ಮಾತ್ರ ದುಡ್ಡು ಹಾಕಬೇಡಿ. ಇನ್ನೊಂದು ಮಾತು: ಶಾಫ್ಟಿನ ಮೈ ಮತ್ತು ಬ್ರೀದರ್ (ಒಳಗಿನ ಬಿಸಿ ಗಾಳಿ ಹೊರಹೋಗುವ ದಾರಿ) ನೋಡದೆ ಕೂರಿಸಿದರೆ ಎಷ್ಟು ಒಳ್ಳೆಯ ಸೀಲೂ ಉಳಿಯುವುದಿಲ್ಲ. ಮಂಗಳೂರು, ಉಡುಪಿ ಕಡೆಯ ಗಾಡಿಗಳಲ್ಲಿ ಸೀಲ್ ಹಾಕಿದ ಮೇಲೂ ಲೀಕ್ ಮರುಕಳಿಸುವುದಕ್ಕೆ ಹೆಚ್ಚಾಗಿ ಈ ಎರಡೇ ಕಾರಣ.

ಸೀಲ್ ಕೊಳ್ಳುವ ಮೊದಲು ಹನಿ ಎಲ್ಲಿಂದ ಅಂತ ಖಾತ್ರಿ ಮಾಡಿಕೊಳ್ಳಿ. ಎಂಜಿನ್ ಆಯಿಲ್ ಓಡಿದ ಮೇಲೆ ಕಪ್ಪಾಗಿ ತೆಳ್ಳಗಿರುತ್ತದೆ. ಗೇರ್ ಆಯಿಲ್ ದಪ್ಪ, ಕಂದು ಬಣ್ಣ, ಮೂಗಿಗೆ ಹಿಡಿದರೆ ಗಂಧಕದ ಘಾಟು. ಚಕ್ರದ ಒಳಬದಿಗೆ ಕಪ್ಪಗೆ ಅಂಟಂಟಾಗಿ ಎರಚಿದ್ದರೆ ಅದು ಆಯಿಲೇ ಅಲ್ಲ, ಹರಿದ ಸಿವಿ ಬೂಟಿನ, ಅಂದರೆ ಡ್ರೈವ್ ಶಾಫ್ಟ್ ಜಾಯಿಂಟಿನ ರಬ್ಬರ್ ಹೊದಿಕೆಯ, ಗ್ರೀಸ್. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಬೆಲ್ ಹೌಸಿಂಗಿನ ಅಡಿಯಿಂದ ಹನಿ ಬೀಳುತ್ತಿದ್ದರೆ ಸೈಡ್ ಸೀಲಿನ ಮೇಲೆ ತಪ್ಪು ಹೊರಿಸಬೇಡಿ. ಅಲ್ಲಿ ಸೋರುವುದು ಇನ್‌ಪುಟ್ ಶಾಫ್ಟ್ ಸೀಲ್ ಅಥವಾ ಎಂಜಿನ್ನಿನ ಹಿಂಬದಿ ಕ್ರ್ಯಾಂಕ್ ಸೀಲ್. ಅದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು. ಇಳಿಸಿದ ಮೇಲೆ ಎರಡೂ ಸೀಲ್ ಒಟ್ಟಿಗೇ ಬದಲಿಸಿ. ಆಯಿಲ್ ಕುಡಿದ ಕ್ಲಚ್ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಿದರೆ ಕೆಲವೇ ದಿನ ಹಿಡಿದು ಮತ್ತೆ ಜಾರುತ್ತದೆ. ಅದನ್ನೂ ಹೊಸದು ಹಾಕಿಸಿ.

ಹುಡುಕುವ ಕ್ರಮ ಇಷ್ಟೇ: ಡೀಸೆಲ್ ಮತ್ತು ಬ್ರಷ್ ಹಿಡಿದು ಗೇರ್‌ಬಾಕ್ಸನ್ನು ಪೂರ್ತಿ ತೊಳೆದು, ಒಣಗಿಸಿ, ಮೇಲೆ ಟಾಲ್ಕಮ್ ಪೌಡರ್ ಉದುರಿಸಿ ಒಂದು ಸುತ್ತು ಓಡಿಸಿ ಬನ್ನಿ. ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ, ಹಾಗಾಗಿ ಹನಿ ಬೀಳುವ ಜಾಗವಲ್ಲ, ಪೌಡರ್ ಒದ್ದೆಯಾದ ಅತಿ ಎತ್ತರದ, ಅತಿ ಮುಂದಿನ ಜಾಗವೇ ಮೂಲ. ಸ್ಪೀಡೋಮೀಟರ್ ಕೇಬಲ್ ಕೂರುವಲ್ಲಿನ ಓ-ರಿಂಗ್, ರಿವರ್ಸ್ ಲೈಟ್ ಸ್ವಿಚ್ಚಿನ ಬುಡ, ಗೇರ್ ಶಿಫ್ಟ್ ಶಾಫ್ಟಿನ ಸೀಲ್, ಡ್ರೈನ್ ಪ್ಲಗ್ಗಿನ ವಾಷರ್ ಇವನ್ನೂ ನೋಡಿ. ಇವು ಸಣ್ಣ ಖರ್ಚಿನ ಕೆಲಸಗಳು. ಮಳೆಗಾಲದಲ್ಲಿ ರಸ್ತೆ ನೀರು ಗುರುತೆಲ್ಲ ತೊಳೆದುಬಿಡುವುದರಿಂದ ರಾತ್ರಿ ಶೆಡ್ಡಿನಲ್ಲಿ ಅಡಿಗೆ ರಟ್ಟು ಹಾಸಿಟ್ಟು ನೋಡುವುದೇ ವಾಸಿ.

ಈಗ ಸೀಲಿನ ವಿಷಯ. ಕಂಪೆನಿ ಸೀಲಿನಲ್ಲಿ ನಮಗೆ ಮೆಚ್ಚುಗೆಯಾಗುವುದು ತುಟಿ, ಅಂದರೆ ಶಾಫ್ಟಿಗೆ ಒತ್ತಿ ಕೂರುವ ರಬ್ಬರ್ ಅಂಚು. ಅಂಚು ಒಂದೇ ಸಮ, ಅದನ್ನು ಶಾಫ್ಟಿಗೆ ಒತ್ತಿ ಹಿಡಿಯುವ ಒಳಗಿನ ಗಾರ್ಟರ್ ಸ್ಪ್ರಿಂಗ್ ಬಿಗಿ, ಹೊರಗೆ ಧೂಳು ತಡೆಯುವ ಇನ್ನೊಂದು ತುಟಿ. ಅಗ್ಗದ ಮಾರ್ಕೆಟ್ ಸೀಲುಗಳಲ್ಲಿ ಈ ಧೂಳಿನ ತುಟಿ ಎಷ್ಟೋ ಸಲ ಇರುವುದೇ ಇಲ್ಲ. ನಮ್ಮ ಕೆಂಪು ಮಣ್ಣಿನ ರಾಡಿಗೆ ಅದಿಲ್ಲದ ಸೀಲ್ ತಾಳುವುದಿಲ್ಲ. ಕೆಲವು ಸೀಲುಗಳ ತುಟಿಯ ಮೇಲೆ ಓರೆ ಗೆರೆಗಳೂ ಹೊರಗೆ ಬಾಣದ ಗುರುತೂ ಇರುತ್ತವೆ. ಶಾಫ್ಟ್ ಯಾವ ಕಡೆ ತಿರುಗುತ್ತದೋ ಆ ಕಡೆಗೇ ಬಾಣ ಇರಬೇಕು. ತಪ್ಪಿದರೆ ಆ ಗೆರೆಗಳೇ ಆಯಿಲನ್ನು ಹೊರಗೆ ಪಂಪ್ ಮಾಡುತ್ತವೆ. ಆದ್ದರಿಂದ ಎಡಕ್ಕೂ ಬಲಕ್ಕೂ ಒಂದೇ ಸೀಲ್ ಅಂತ ಅಂದಾಜಿಗೆ ತರಬೇಡಿ. 1983ರಿಂದ 2014ರವರೆಗೆ ಬಂದ ಗಾಡಿ ಇದು, ನಡುವೆ ನಾಲ್ಕು ಗೇರಿನದ್ದೂ ಐದು ಗೇರಿನದ್ದೂ ಇವೆ. ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಕಂಪೆನಿಯದ್ದು ಸಿಗದಿದ್ದರೆ ಎನ್‌ಓಕೆಯಂಥ ಹೆಸರಿರುವ ತಯಾರಕರದ್ದನ್ನು ಒಳ ವ್ಯಾಸ, ಹೊರ ವ್ಯಾಸ, ದಪ್ಪ ಮೂರನ್ನೂ ಹೋಲಿಸಿ ಕೊಳ್ಳಬಹುದು. ಕೌಂಟರಿನಲ್ಲೇ ತುಟಿಯನ್ನು ಬೆರಳಲ್ಲಿ ಮೆಲ್ಲಗೆ ಮಡಚಿ ನೋಡಿ. ಗಟ್ಟಿಯಾಗಿ ನಿಂತರೆ, ಸಣ್ಣ ಬಿರುಕು ಕಂಡರೆ, ಅದು ವರ್ಷಗಟ್ಟಲೆ ಡಬ್ಬದಲ್ಲಿದ್ದ ಹಳೆ ಸ್ಟಾಕ್. ಬೇಡ ಅನ್ನಿ.

ಕೂರಿಸುವ ಕೆಲಸದಲ್ಲಿ ಎಡವುವ ಜಾಗಗಳು ಹಲವು. ಡ್ರೈನ್ ಪ್ಲಗ್ಗಿಗೆ ಕೈ ಹಾಕುವ ಮೊದಲು ಮೇಲಿನ ಲೆವೆಲ್ ಪ್ಲಗ್ ಬಿಚ್ಚುತ್ತದೋ ನೋಡಿ. ಉಪ್ಪು ಗಾಳಿಗೆ ಅದು ಕಚ್ಚಿಕೊಂಡಿದ್ದರೆ ಖಾಲಿ ಮಾಡಿದ ಗೇರ್‌ಬಾಕ್ಸಿಗೆ ಆಯಿಲ್ ತುಂಬುವ ದಾರಿಯೇ ಇರುವುದಿಲ್ಲ. ಆಮೇಲೆ ಆಯಿಲ್ ಇಳಿಸಿ, ಲೋವರ್ ಆರ್ಮ್ ಬಾಲ್ ಜಾಯಿಂಟ್ ಬಿಡಿಸಿ, ಡ್ರೈವ್ ಶಾಫ್ಟಿನ ಒಳಗಿನ, ಅಂದರೆ ಗೇರ್‌ಬಾಕ್ಸ್ ಕಡೆಯ, ಜಾಯಿಂಟನ್ನು ಲಿವರ್ ಕೊಟ್ಟು ಹೊರಕ್ಕೆ ಮೀಟಬೇಕು. ಶಾಫ್ಟನ್ನೇ ಹಿಡಿದು ಜಗ್ಗಿದರೆ ಅದನ್ನು ಒಳಗೆ ಹಿಡಿದಿಡುವ ಸಣ್ಣ ರಿಂಗಾದ ಸರ್‌ಕ್ಲಿಪ್ ಬಿಡುವ ಬದಲು ಜಾಯಿಂಟೇ ಒಳಗೆ ಬಿಚ್ಚಿಕೊಳ್ಳುತ್ತದೆ. ಹಳೆ ಸೀಲನ್ನು ಸ್ಕ್ರೂಡ್ರೈವರಿನಿಂದ ಕೀಳುವಾಗ ಅಲ್ಯೂಮಿನಿಯಂ ಕೇಸಿನ ಒಳಮೈಗೆ ಗೀರು ಬಿದ್ದರೆ ಸೀಲಿನ ಹೊರಗಡೆಯಿಂದಲೇ ಸೋರಲು ಶುರುವಾಗುತ್ತದೆ. ಹೊಸ ಸೀಲಿನ ಸ್ಪ್ರಿಂಗ್ ಇರುವ ಬದಿ ಗೇರ್‌ಬಾಕ್ಸಿನ ಒಳಗೆ. ತುಟಿಗೆ ಗ್ರೀಸ್ ಸವರಿ, ಹೊರ ವ್ಯಾಸಕ್ಕೆ ಹೊಂದುವ ದೊಡ್ಡ ಸಾಕೆಟ್ ಇಟ್ಟು ಸುತ್ತ ಒಂದೇ ಸಮ ತಟ್ಟಿ, ಹಳೆಯದು ಇದ್ದಷ್ಟೇ ಆಳಕ್ಕೆ ಕೂರಿಸಬೇಕು. ಶಾಫ್ಟಿಗೆ ಹೊಸ ಸರ್‌ಕ್ಲಿಪ್ ಹಾಕಿ. ಶಾಫ್ಟಿನ ತುದಿಯ ಸ್ಪ್ಲೈನಿನ ಹಲ್ಲು ತುಟಿಗೆ ತಾಗದಂತೆ ನೇರವಾಗಿ ತೂರಿಸಿ.

ಶಾಫ್ಟನ್ನು ಕೈಯಲ್ಲಿ ಹಿಡಿದಾಗ ಸೀಲ್ ಓಡುವ ಜಾಗಕ್ಕೆ ಉಗುರು ಎಳೆದು ನೋಡಿ. ತಿಂಗಳುಗಟ್ಟಲೆ ನಿಂತ ಗಾಡಿಗಳಲ್ಲಿ ಇಲ್ಲಿ ತುಕ್ಕಿನ ಗುಳಿಗಳಿರುತ್ತವೆ. ಹೊಸ ತುಟಿಯನ್ನು ಅವು ಬೇಗ ಅರೆದುಹಾಕುತ್ತವೆ. ತೆಳು ತುಕ್ಕಾದರೆ ನಯವಾದ ಎಮರಿ ಪೇಪರನ್ನು ಸುತ್ತಲೂ ತಿರುಗಿಸಿ ಉಜ್ಜಿ, ಉದ್ದಕ್ಕೆ ಎಂದೂ ಬೇಡ. ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಕೂರಿಸಿ ತುಟಿ ಹೊಸ ಜಾಗದಲ್ಲಿ ಓಡುವಂತೆ ಮಾಡಬಹುದು, ಕೇಸಿನಲ್ಲಿ ಅಷ್ಟು ಜಾಗವಿದ್ದರೆ ಮಾತ್ರ. ಇಲ್ಲದಿದ್ದರೆ ಆ ಜಾಯಿಂಟನ್ನೇ ಬದಲಿಸಬೇಕು.

ಬ್ರೀದರ್ ಗೇರ್‌ಬಾಕ್ಸಿನ ಮೇಲ್ಭಾಗದಲ್ಲಿದೆ. ಅದು ಕೆಸರಿಗೆ ಕಟ್ಟಿಕೊಂಡರೆ ಬಿಸಿಯಾದ ಗಾಳಿಗೆ ಹೋಗಲು ದಾರಿಯಿಲ್ಲದೆ ಸೀಲಿನ ಮೂಲಕವೇ ಆಯಿಲನ್ನು ತಳ್ಳುತ್ತದೆ. ಊರೊಳಗೆ ಓಡಿಸುವಾಗ ಒಣಗಿದ್ದು, ಶಿರಾಡಿಯೋ ಚಾರ್ಮಾಡಿಯೋ ಘಾಟಿ ಹತ್ತಿ ಬಂದ ಮೇಲೆ ಎರಡೂ ಬದಿ ಒದ್ದೆಯಾದರೆ ಮೊದಲ ಅನುಮಾನ ಬ್ರೀದರಿನ ಮೇಲೆ. ಸ್ವಚ್ಛ ಮಾಡಲು ಕಾಸೂ ಬೇಡ.

ಆಯಿಲ್ 75ಡಬ್ಲ್ಯು-90 ಅಥವಾ 80ಡಬ್ಲ್ಯು-90 (ಇದು ದಪ್ಪದ ಗುರುತು), ದರ್ಜೆ ಜಿಎಲ್-4. ಜಿಎಲ್-5 ಇನ್ನೂ ಒಳ್ಳೆಯದು ಅಂತ ಅಂಗಡಿಯಲ್ಲಿ ಕೊಟ್ಟರೆ ತರಬೇಡಿ. ಅದರಲ್ಲಿನ ಹೆಚ್ಚಿನ ಗಂಧಕದ ಅಂಶ ಗೇರ್ ನಯವಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗಿಗೆ ಒಗ್ಗುವುದಿಲ್ಲ, ಗೇರ್ ಬೀಳುವುದೂ ಒರಟಾಗಬಹುದು. ಎರಡೂವರೆ ಲೀಟರ್ ತಂದಿಟ್ಟುಕೊಳ್ಳಿ, ಗಾಡಿ ಸಮತಟ್ಟಾಗಿ ನಿಂತಾಗ ಲೆವೆಲ್ ತೂತಿನಿಂದ ಹೊರಬರಲು ಶುರುವಾಗುವಷ್ಟು ಮಾತ್ರ ತುಂಬಿಸಿ. ಇಳಿಸಿದ ಹಳೆ ಆಯಿಲ್ ಹಾಲು ಹಾಕಿದ ಚಾದಂತಿದ್ದರೆ ಒಳಗೆ ನೀರು ಹೋಗಿದೆ ಅಂತ ಅರ್ಥ. ಹೊಸತು ಹಾಕಿ ಸ್ವಲ್ಪ ಓಡಿಸಿ ಮತ್ತೊಮ್ಮೆ ಬದಲಿಸಬೇಕು. ಡ್ರೈನ್ ಪ್ಲಗ್ಗಿಗೆ ಹೊಸ ವಾಷರ್ ಹಾಕಿ, ಮಿತಿಮೀರಿ ಬಿಗಿಯಬೇಡಿ. ಕೇಸಿನ ಥ್ರೆಡ್ ಅಲ್ಯೂಮಿನಿಯಂ, ಹೋದರೆ ಲೇತಿಗೆ ಓಡಬೇಕು.

ಲೀಕ್ ಸ್ಟಾಪ್ ಬಾಟ್ಲಿ ಮಾಡುವುದು ರಬ್ಬರನ್ನು ಸ್ವಲ್ಪ ಉಬ್ಬಿಸುವುದು. ಒಣಗಿ ಗಟ್ಟಿಯಾದ ಸೀಲಿನಲ್ಲಿ ಹನಿ ಕೆಲವು ವಾರ ಕಮ್ಮಿಯಾಗಬಹುದು. ಸವೆದ, ಹರಿದ ತುಟಿಗೆ ಏನೂ ಆಗದು. ಸೀಲಿನ ಮೇಲೆ ಹೊರಗಿನಿಂದ ಸಿಲಿಕಾನ್ ಮೆತ್ತುವುದೂ ಅಷ್ಟೇ ವ್ಯರ್ಥ. ಆಯಿಲ್ ಜಿಡ್ಡಿನ ಮೇಲೆ ಅದು ಹಿಡಿಯುವುದಿಲ್ಲ. ಸೀಲಂಟ್ ಬೇಕಾಗುವುದು ಗೇರ್‌ಬಾಕ್ಸ್ ಕೇಸಿನ ಎರಡು ಭಾಗ ಕೂಡುವಲ್ಲಿ, ಅದೂ ಬಿಚ್ಚಿ ಒರೆಸಿ ತೆಳ್ಳಗೆ ಹಚ್ಚಿದರೆ. ಲಾಕ್‌ಟೈಟ್ 518ರಂಥ, ಗಾಳಿ ಇಲ್ಲದ ಸಂದಿನಲ್ಲಿ ಗಟ್ಟಿಯಾಗುವ ಆನ್‌ಏರೋಬಿಕ್ ಸೀಲಂಟ್ ಅಲ್ಲಿಗೆ ಸರಿ.

ಗ್ಯಾರೇಜಿನಲ್ಲಿ ಬಿಟ್ಟು ಬರುವುದಾದರೆ ಹಳೆ ಸೀಲನ್ನು ವಾಪಸ್ ಕೇಳಿ ಇಸಿದುಕೊಳ್ಳಿ. ತುಟಿ ಸುತ್ತಲೂ ಸಮನಾಗಿ ಗಟ್ಟಿಯಾಗಿದ್ದರೆ ಅದು ವಯಸ್ಸಿನ ಸವೆತ, ಕೆಲಸ ಸರಿಯಾಗಿದೆ. ಒಂದೇ ಕಡೆ ಕತ್ತರಿಸಿದ್ದರೆ ಹಿಂದೆ ಕೂರಿಸಿದವರ ಕೈತಪ್ಪು. ತುಟಿ ಇನ್ನೂ ಮೆತ್ತಗೆ, ಚೆನ್ನಾಗಿಯೇ ಇದ್ದರೆ ಗಾಡಿಯನ್ನು ಮನೆಗೆ ತರುವ ಮುಂಚೆ ಬ್ರೀದರನ್ನೂ ಶಾಫ್ಟನ್ನೂ ನೋಡಿದ್ದೀರಾ ಅಂತ ಕೇಳಿ.